ಧ್ವನಿ ತಗ್ಗಿಸಿ ಮಾತನಾಡುವವರು

ಈಚೆಗೆ ಒಂದು ಶುಕ್ರವಾರ ಜುಮಾ ನಮಾಜ್ ಮುಗಿಸಿ ಚನ್ನಗಿರಿಯ ಬಸ್ ನಿಲ್ದಾಣದ ಸಮೀಪ ಒಂದು ಚಹಾದಂಗಡಿಯಲ್ಲಿ ಕುಳಿತಿದ್ದೆವು. ಎದುರಿನ ಬೆಂಚಿನಲ್ಲಿ ಅರುವತ್ತರ ಆಸುಪಾಸಿನ ಹಿರಿಯರೊಬ್ಬರಿದ್ದರು. ಅಡಿಕೆ ತೋಟಗಳನ್ನು ಖೇಣಿ ಹಿಡಿಯುವುದು ಅವರ ಕಸುಬು. ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ ಮಾತ್ರವೆಂದು ಅವರೇ ಹೇಳಿಕೊಂಡರು. ಆದರೆ ಅರ್ಧ ಗಂಟೆಯೊಳಗೆ ರಾಜ್‌ಕುಮಾರ್ ಚಿತ್ರಗಳಿಂದ ಹಿಡಿದು ಗೃಹಲಕ್ಷ್ಮಿ ಯೋಜನೆಯವರೆಗೆ, ಟಿ.ವಿ. ಧಾರಾವಾಹಿಯ ಅತ್ತೆಯಂದಿರಿಂದ ಹಿಡಿದು ವಿಧಾನಸೌಧದ ಮಂತ್ರಿಗಳವರೆಗೆ ಎಲ್ಲರನ್ನೂ ಅವರು ತೂಗಿ ನೋಡಿ ಬೆಲೆ ಕಟ್ಟಿ ಮುಗಿಸಿದ್ದರು. ಆ ಮಾತುಕತೆಯ ನಡುವೆ ಎರಡು ಬಾರಿ ಅವರ ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. ಅದೇ ಈ ಬರಹಕ್ಕೆ ಕಾರಣ.

ಮೊದಲು ಅವರ ಅಭಿಪ್ರಾಯಗಳನ್ನು ಕೇಳೋಣ. ರಾಜ್‌ಕುಮಾರ್ ಬಗ್ಗೆ ಅವರಿಗೆ ಅಪಾರ ಗೌರವ. "ನಮ್ಮ ಅಬ್ಬಾ ಐದು ಹೊತ್ತಿನ ನಮಾಜಿ. ಬೇರೆ ಸಿನಿಮಾಕ್ಕೆ ಹೋದರೆ ಬೆನ್ನು ಮುರಿಯುತ್ತಿದ್ದರು, ರಾಜಣ್ಣನ ಸಿನಿಮಾಕ್ಕೆ ಎಂದರೆ ಸುಮ್ಮನಿರುತ್ತಿದ್ದರು. ಹುಡುಗ ಹಾಳಾಗುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು" ಎಂದರು. 1995ರಲ್ಲಿ ಬಂದ 'ಓಂ' ಚಿತ್ರದಿಂದಲೇ ನಾಯಕನ ಕೈಗೆ ಮಚ್ಚು ಬಂದದ್ದು, ಅಲ್ಲಿಂದ ಇಲ್ಲಿಯವರೆಗೆ ಅದು ಕೆಳಗಿಳಿದೇ ಇಲ್ಲ ಎಂಬುದು ಅವರ ಇನ್ನೊಂದು ತೀರ್ಮಾನ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. "ಸತ್ತ ಮೇಲೂ ಕಣ್ಣು ಕೊಟ್ಟು ಹೋದ. ನಾವು ಬದುಕಿರುವಾಗ ಏನು ಕೊಡುತ್ತಿದ್ದೇವೆ?" ಎಂದು ನಮ್ಮನ್ನೇ ಕೇಳಿದರು.

ರಾಜಕೀಯಕ್ಕೆ ಬಂದರೆ ಮೊದಲ ಹೆಸರು ಜೆ.ಎಚ್. ಪಟೇಲರದು. ಇದೇ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ದಿಲ್ಲಿಯನ್ನೇ ಬೆರಗುಗೊಳಿಸಿದವರು. ಮುಖ್ಯಮಂತ್ರಿಯಾಗಿದ್ದಾಗ 1997ರಲ್ಲಿ ದಾವಣಗೆರೆಯನ್ನು ಹೊಸ ಜಿಲ್ಲೆಯಾಗಿ ಮಾಡಿದವರೂ ಅವರೇ. "ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದವನು ನಾನು. ಮನೆ ಬದಲಾಯಿಸಲಿಲ್ಲ, ಬೀದಿ ಬದಲಾಯಿಸಲಿಲ್ಲ, ಒಂದು ದಿನ ಎದ್ದು ನೋಡಿದರೆ ದಾವಣಗೆರೆ ಜಿಲ್ಲೆಯವನಾಗಿದ್ದೆ" ಎಂದು ನಕ್ಕರು. ಪಟೇಲರು ನಗಿಸುತ್ತಲೇ ಬಯ್ಯುತ್ತಿದ್ದರು, ಈಗಿನವರಿಗೆ ಬಯ್ಯುವುದು ಮಾತ್ರ ಬರುತ್ತದೆ ಎಂಬುದು ಅವರ ದೂರು. 2023ರ ಮಾರ್ಚ್‌ನಲ್ಲಿ ಲೋಕಾಯುಕ್ತ ದಾಳಿಯ ಸುದ್ದಿಯಿಂದ ಚನ್ನಗಿರಿಯ ಹೆಸರು ದೇಶದ ಎಲ್ಲ ಟಿ.ವಿ.ಗಳಲ್ಲಿ ಬಂತಲ್ಲ, ಆಗ ಅಂದಿನ ಶಾಸಕರು ನಮ್ಮ ಅಡಿಕೆ ಸೀಮೆಯಲ್ಲಿ ಸಾಮಾನ್ಯರ ಮನೆಯಲ್ಲೂ ನಾಲ್ಕೈದು ಕೋಟಿ ರೂಪಾಯಿ ಇರುತ್ತದೆ ಎಂಬ ಅರ್ಥದ ಮಾತನ್ನಾಡಿದ್ದರು. ಅದನ್ನು ನೆನೆದು ಹಿರಿಯರು ಹೇಳಿದ್ದು: "ಅವತ್ತು ರಾತ್ರಿ ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ ಸಾಹೇಬರೇ. ಹಳೆಯ ಚಪ್ಪಲಿ ಒಂದು ಜೊತೆ ಸಿಕ್ಕಿತು."

ಅಂಗಡಿಯಲ್ಲಿದ್ದವರೆಲ್ಲರೂ ನಕ್ಕರು. ಮಾತು ಹಾಗೇ ಹರಿದು 2023ರ ಮೇ ತಿಂಗಳಲ್ಲಿ, ನಮ್ಮ ವಿಧಾನಸಭಾ ಚುನಾವಣೆಗೆ ಐದೇ ದಿನ ಇರುವಾಗ ಬಿಡುಗಡೆಯಾದ 'ದಿ ಕೇರಳ ಸ್ಟೋರಿ' ಚಿತ್ರಕ್ಕೆ ಬಂತು. ಬಳ್ಳಾರಿಯ ಪ್ರಚಾರ ಸಭೆಯಲ್ಲಿ ಪ್ರಧಾನಿಯವರೇ ಅದನ್ನು ಪ್ರಸ್ತಾಪಿಸಿದ್ದನ್ನು ಓದುಗರು ಮರೆತಿರಲಿಕ್ಕಿಲ್ಲ. ಹಿರಿಯರು ಅದರ ಬಗ್ಗೆ ಬಾಯಿ ತೆರೆದರು. ಅಷ್ಟರಲ್ಲಿ ಅಪರಿಚಿತರಿಬ್ಬರು ಬಂದು ಪಕ್ಕದ ಬೆಂಚಿನಲ್ಲಿ ಕುಳಿತು ಚಹಾ ಹೇಳಿದರು. ಅವರು ಯಾರೋ ಏನೋ. ಬಹುಶಃ ಬಸ್ಸಿಗೆ ಕಾಯುತ್ತಿದ್ದ ಪ್ರಯಾಣಿಕರಿರಬೇಕು. ಆದರೆ ನಮ್ಮ ಹಿರಿಯರ ಮಾತು ಅರ್ಧಕ್ಕೆ ನಿಂತಿತು. ಒಂದು ಗುಟುಕು ಚಹಾ ಕುಡಿದು, ತಗ್ಗಿದ ಧ್ವನಿಯಲ್ಲಿ ಅಂಗಡಿಯವನನ್ನು ಕೇಳಿದರು: "ರಾಶಿ ಇವತ್ತು ಎಷ್ಟಕ್ಕೆ ನಿಂತಿದೆಯಂತೆ?"

ಅಪರಿಚಿತರು ಎದ್ದುಹೋದ ಮೇಲೂ ಅವರು ಆ ಚಿತ್ರದ ಮಾತಿಗೆ ಮರಳಲಿಲ್ಲ.

ಎರಡನೆಯ ಸಲ ಧ್ವನಿ ತಗ್ಗಿದ್ದಕ್ಕೆ ಕಾರಣ ನಾವೇ. ಚಹಾದಂಗಡಿಯವರು ಪರಿಚಯ ಮಾಡಿಕೊಡುವ ಸಡಗರದಲ್ಲಿ, "ಚಾಚಾ, ಇವರು ಮದ್ರಸಾದಲ್ಲಿ ಓದಿದವರು, ಪತ್ರಿಕೆಯಲ್ಲಿ ಬರೆಯುತ್ತಾರೆ" ಎಂದುಬಿಟ್ಟರು. ಹಿರಿಯರು ಕೂಡಲೇ ಟೋಪಿ ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. "ತೌಬಾ, ಹಜ್ರತ್! ಸಿನಿಮಾ ಮಾತೆಲ್ಲ ಹಳೆಯ ಕಾಲದ್ದು. ಈಗ ನಾನು ಅದನ್ನೆಲ್ಲ ನೋಡುವುದಿಲ್ಲ. ದಯವಿಟ್ಟು ಬರೆಯಬೇಡಿ" ಎಂದು ಪಿಸುಗುಟ್ಟಿದರು. ನಮ್ಮಿಂದ ಅರ್ಧ ವಯಸ್ಸು ಹೆಚ್ಚಿನವರು, ನಮ್ಮ ತಂದೆಗೆ ಸಮಾನರು, ನಮ್ಮೆದುರು ತಪ್ಪಿತಸ್ಥರಂತೆ ಕುಳಿತದ್ದನ್ನು ಕಂಡು ಕುಡಿದ ಚಹಾ ಗಂಟಲಲ್ಲೇ ನಿಂತಂತಾಯಿತು. ನಾವು ಅವರನ್ನು ಏನೂ ಕೇಳಿರಲಿಲ್ಲ. ಆದರೂ ಅವರು ಹೆದರಿದರು.

ಮೊದಲನೆಯ ಭಯದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ಅದು ಬರೀ ಕಲ್ಪನೆಯ ಭಯವಲ್ಲವೆಂದು ತಿಳಿಯಬೇಕಾದರೆ ಕೆಲವು ಘಟನೆಗಳನ್ನು ಪುನಃ ನೆನೆಯಲೇಬೇಕು. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಕುರಿತು ಒಂದು ಪುಟ್ಟ ನಾಟಕ ಆಡಿದರು. ಮಕ್ಕಳ ನಾಟಕ, ಮನೆಯಲ್ಲಿ, ಬೀದಿಯಲ್ಲಿ ದೊಡ್ಡವರ ಬಾಯಿಯಿಂದ ಕೇಳಿದ್ದನ್ನು ಮಕ್ಕಳು ಆಡಿ ತೋರಿಸುತ್ತಾರೆ, ಅಷ್ಟೇ. ಅದಕ್ಕೆ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಶಾಲೆಯ ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಜೈಲಿಗೆ ಕಳುಹಿಸಲಾಯಿತು. ಎಳೆಯ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟು ಆ ಪ್ರಕರಣವನ್ನು ರದ್ದುಪಡಿಸಿತು ನಿಜ. ಆದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆ ತಾಯಿಯ ಮತ್ತು ಶಿಕ್ಷಕಿಯ ತಲೆಯ ಮೇಲೆ ರಾಜದ್ರೋಹದ ಕತ್ತಿ ತೂಗುತ್ತಿತ್ತು. ಆ ಸುದ್ದಿಯನ್ನು ಓದಿದ ಎಷ್ಟು ತಾಯಂದಿರು ತಮ್ಮ ಮಕ್ಕಳಿಗೆ "ಹೊರಗೆ ಏನೂ ಮಾತಾಡಬೇಡ" ಎಂದು ಹೇಳಿರಬಹುದು? ಅದನ್ನು ಯಾವ ನ್ಯಾಯಾಲಯ ರದ್ದುಪಡಿಸಬೇಕು?

ಹಗುರವಾದ ಅಭಿಪ್ರಾಯವನ್ನು ಹಗುರವಾಗಿಯೇ ಸ್ವೀಕರಿಸುವ ಸೌಜನ್ಯ ನಮ್ಮ ಸಾರ್ವಜನಿಕ ಬದುಕಿನಿಂದ ಮರೆಯಾಗುತ್ತಿದೆ. 2022ರಲ್ಲಿ 'ಕಾಂತಾರ' ಬಂದಾಗ ಆ ಚಿತ್ರ ತನಗೆ ಅಷ್ಟೇನೂ ಹಿಡಿಸಲಿಲ್ಲವೆಂದು ಪಕ್ಕದ ಮನೆಯ ಬಸಣ್ಣ ಹೇಳಿದರೆ ಅದು ಅವನ ರುಚಿ. ಅದೇ ಮಾತನ್ನು ನಮ್ಮ ಬಾಷಾ ಸಾಹೇಬರು ಹೇಳಿದರೆ, ಹೇಳಿದ್ದು ಒಬ್ಬ ಬಾಷಾ ಎಂದು ಯಾರೂ ಭಾವಿಸುವುದಿಲ್ಲ, "ಅವರು ಹೀಗೆ ಹೇಳುತ್ತಾರೆ" ಎಂದಾಗುತ್ತದೆ. ಹೊಗಳಿದರೂ ಪಾರಾಗುವಂತಿಲ್ಲ; ನಾಟಕವಾಡುತ್ತಿದ್ದಾನೆ ಎನ್ನುತ್ತಾರೆ. ಕ್ರಿಕೆಟ್ ಪಂದ್ಯದ ದಿನ ಚಹಾದಂಗಡಿಯಲ್ಲಿ ಬ್ಯಾಟುಗಾರನೊಬ್ಬನ ಹೊಡೆತವನ್ನು ಮೆಚ್ಚುವ ಮೊದಲು ಅವನು ಯಾವ ದೇಶದವನೆಂದು ನೋಡಿಕೊಳ್ಳಬೇಕಾದ ಜಾಗರೂಕತೆ ನಮ್ಮ ಹುಡುಗರಿಗೆ ಹತ್ತನೇ ವಯಸ್ಸಿನಲ್ಲೇ ಬಂದಿರುತ್ತದೆ.

ಇದರ ದೊಡ್ಡ ರೂಪವನ್ನು ನಾವು 2025ರಲ್ಲಿ ಮೈಸೂರು ದಸರೆಯ ಸಂದರ್ಭದಲ್ಲಿ ಕಂಡೆವು. ಕನ್ನಡದ ಕಥೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ತಂದುಕೊಟ್ಟ ಹಾಸನದ ಬಾನು ಮುಷ್ತಾಕ್ ಅವರನ್ನು ಸರಕಾರ ಉದ್ಘಾಟನೆಗೆ ಆಹ್ವಾನಿಸಿತು. ಕೂಡಲೇ ಅವರು ಎಂದೋ ಎಲ್ಲೋ ಆಡಿದ ಮಾತುಗಳನ್ನು ಹುಡುಕಿ ತೆಗೆದು ವಿಚಾರಣೆಗೆ ಒಳಪಡಿಸಲಾಯಿತು. ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ನ್ಯಾಯಾಲಯಗಳು ಅರ್ಜಿಗಳನ್ನು ವಜಾಗೊಳಿಸಿದ ಬಳಿಕ ಸೆಪ್ಟೆಂಬರ್ 22ರಂದು ಅವರು ದಸರೆಯನ್ನು ಉದ್ಘಾಟಿಸಿದರು. 2017ರಲ್ಲಿ ಇದೇ ದಸರೆಯನ್ನು ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಆಗ ಯಾರೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ. ಈ ಎಂಟು ವರ್ಷಗಳಲ್ಲಿ ಬದಲಾದದ್ದು ದಸರೆಯೂ ಅಲ್ಲ, ಕನ್ನಡ ಬರೆಯುವ ಮುಸ್ಲಿಮರೂ ಅಲ್ಲ.

ಇಷ್ಟನ್ನು ಹೇಳಿ ಲೇಖನವನ್ನು ಇಲ್ಲಿಗೇ ಮುಗಿಸಿದರೆ ನಮ್ಮ ಓದುಗರು ಸಂತೋಷದಿಂದ ತಲೆಯಾಡಿಸಿಯಾರು. ಆದರೆ ಆ ಹಿರಿಯರ ಧ್ವನಿ ಎರಡನೆಯ ಸಲ ತಗ್ಗಿದ್ದು ನಮ್ಮೆದುರಿನಲ್ಲಿ. ಅದಕ್ಕೆ ಯಾರ ಮೇಲೆ ದೂರು ಕೊಡೋಣ?

ಬಾನು ಮುಷ್ತಾಕರ ಉದಾಹರಣೆಯನ್ನೇ ಇನ್ನೊಂದು ಮಗ್ಗುಲಿನಿಂದ ನೋಡಿ. ಮಸೀದಿಯಲ್ಲಿ ನಮಾಜ್ ಮಾಡುವ ಹಕ್ಕು ಮಹಿಳೆಯರಿಗೂ ಇದೆ ಎಂದು ಅವರು 2000ದಲ್ಲಿ ಮಾತನಾಡಿದಾಗ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದವರು ಹೊರಗಿನವರಲ್ಲ. ಅವರ ಅಭಿಪ್ರಾಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಪ್ರವಾದಿಯವರ(ಸ) ಕಾಲದಲ್ಲಿ ಮಹಿಳೆಯರು ಮಸೀದಿಗೆ ಬರುತ್ತಿದ್ದರು ಎಂಬುದು ಮದ್ರಸಾದ ಮೊದಲ ವರ್ಷಗಳಲ್ಲೇ ನಾವು ಓದುವ ಪಾಠ. ಒಂದು ಅಭಿಪ್ರಾಯಕ್ಕೆ ವಾದದಿಂದ ಉತ್ತರ ಕೊಡಲು ಶಕ್ತಿ ಇಲ್ಲದಾಗ ಬಹಿಷ್ಕಾರದ ದಾರಿ ಹಿಡಿಯುವ ಸಮುದಾಯ, ತನ್ನ ಮೇಲೆ ಇತರರು ಬಹಿಷ್ಕಾರ ಹೇರಿದಾಗ ಯಾವ ಬಾಯಿಂದ ದೂರಬೇಕು? 2022ರಲ್ಲಿ ಜಾತ್ರೆಗಳಲ್ಲಿ ನಮ್ಮ ವ್ಯಾಪಾರಿಗಳನ್ನು ಹೊರಗಿಟ್ಟಾಗ ನಾವು ಸಂವಿಧಾನವನ್ನು ನೆನೆದೆವು. ನೆನೆದದ್ದು ಸರಿಯೇ. ನಮ್ಮ ಮೊಹಲ್ಲಾದೊಳಗೂ ಅದೇ ಸಂವಿಧಾನವಿದೆ.

ಸಿನಿಮಾ ಹಲಾಲೋ ಹರಾಮೋ ಎಂಬ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ಇಂದಿನ ಚಿತ್ರಗಳ ಅಶ್ಲೀಲತೆ ಮತ್ತು ರಕ್ತಪಾತದ ಬಗ್ಗೆ ನಮಗೂ ಆತಂಕವಿದೆ. ಆ ಚಾಚಾರಿಗೂ ಇದೆ. 'ಓಂ' ಚಿತ್ರದ ಮಚ್ಚಿನ ಬಗ್ಗೆ ಅವರು ಆಡಿದ ಮಾತು ಅದುವೇ ತಾನೆ? ಆದರೆ ನಮ್ಮನ್ನು ಕಂಡೊಡನೆ ಅವರು ಆ ವಿವೇಚನೆಯ ಮಾತನ್ನೂ ನುಂಗಿಕೊಂಡರು. ಏಕೆಂದರೆ ನಮ್ಮಂಥವರ ಬಾಯಲ್ಲಿ ಸಿನಿಮಾ ಎಂದರೆ ಒಂದೇ ಶಬ್ದದ ಉತ್ತರ, ಅಲ್ಲಿಗೆ ಮಾತು ಮುಗಿಯಿತು ಎಂದು ಅವರಿಗೆ ಅನುಭವವಾಗಿದೆ. ಮದ್ರಸಾದ ದಿನಗಳಲ್ಲಿ ನಾವೂ ಅದನ್ನೇ ಹೇಳುತ್ತಿದ್ದೆವು. ಮುಂದೆ ಕಲಾ ಪದವಿಗೆಂದು ಕಾಲೇಜಿಗೆ ಹೋದಾಗ ಪಕ್ಕದಲ್ಲಿ ಕುಳಿತ ಹುಡುಗರು ಒಂದು ಕಥೆಯನ್ನು, ಒಂದು ಚಿತ್ರವನ್ನು ಗಂಟೆಗಟ್ಟಲೆ ಒಡೆದು ನೋಡುತ್ತಿದ್ದರು. ನಮ್ಮ ಬಳಿ ತೀರ್ಪು ಇತ್ತು, ಅಭಿಪ್ರಾಯ ಇರಲಿಲ್ಲ. ಇದು ಎಂಥ ಕೊರತೆಯೆಂದು ಅಂದು ಅರ್ಥವಾಗಿರಲಿಲ್ಲ.

ತೀರ್ಪಿಗೂ ಅಭಿಪ್ರಾಯಕ್ಕೂ ಇರುವ ಅಂತರವನ್ನು ಇಸ್ಲಾಮಿನ ಇತಿಹಾಸದಲ್ಲಿ ಮನಮುಟ್ಟುವಂತೆ ತೋರಿಸಿಕೊಟ್ಟವರು ಯಾರು ಗೊತ್ತೇ? ದೊಡ್ಡ ವಿದ್ವಾಂಸರಲ್ಲ. ಒಬ್ಬ ವಿಮೋಚಿತ ದಾಸಿ. ಆಯಿಶಾ(ರ) ಅವರು ಬರೀರಾ(ರ) ಎಂಬ ದಾಸಿಯನ್ನು ಬಿಡುಗಡೆಗೊಳಿಸಿದರು. ಬಿಡುಗಡೆಯಾದೊಡನೆ ಆಕೆಗೆ ತನ್ನ ಪತಿ ಮುಗೀಸರನ್ನು ಬಿಟ್ಟು ಬೇರೆಯಾಗುವ ಆಯ್ಕೆ ಲಭಿಸಿತು, ಆಕೆ ಬೇರೆಯಾಗಲು ನಿರ್ಧರಿಸಿದರು. ಮುಗೀಸರು ಗಡ್ಡ ತೋಯುವಂತೆ ಅಳುತ್ತಾ ಮದೀನಾದ ಬೀದಿಗಳಲ್ಲಿ ಆಕೆಯ ಹಿಂದೆ ತಿರುಗುತ್ತಿದ್ದುದನ್ನು ಕಂಡು ಪ್ರವಾದಿಯವರಿಗೆ(ಸ) ಮರುಕ ಉಂಟಾಯಿತು. ಮರಳಿ ಹೋಗಬಾರದೇ ಎಂದು ಆಕೆಯನ್ನು ಕೇಳಿದರು. ಆಗ ಬರೀರಾ(ರ) ಕೇಳಿದ ಪ್ರಶ್ನೆಯನ್ನು ಗಮನಿಸಿ: ಇದು ತಮ್ಮ ಆಜ್ಞೆಯೇ, ಶಿಫಾರಸೇ? ಶಿಫಾರಸು ಮಾತ್ರ ಎಂದಾಗ, ಹಾಗಾದರೆ ತನಗೆ ಅವರ ಅಗತ್ಯವಿಲ್ಲವೆಂದು ಆಕೆ ಸ್ಪಷ್ಟವಾಗಿ ಹೇಳಿದರು. ಬುಖಾರಿಯಲ್ಲಿ ಬಂದಿರುವ ಘಟನೆ ಇದು. ಆಕೆಯನ್ನು ಯಾರೂ ಗದರಲಿಲ್ಲ. ದೇವರ ಸಂದೇಶವಾಹಕರ ಮುಂದೆ ಒಬ್ಬ ಸಾಮಾನ್ಯ ಹೆಂಗಸು ತನ್ನ ಮನದ ಮಾತನ್ನು ಧ್ವನಿ ತಗ್ಗಿಸದೆ ಹೇಳಬಹುದಾಗಿತ್ತು. ಇಂದು ಒಬ್ಬ ಪೇಶ್ ಇಮಾಮರ ಮುಂದೆ, ಒಬ್ಬ ಮುತವಲ್ಲಿಯ ಮುಂದೆ ನಮ್ಮ ಚಾಚಾರಿಗೆ ಅದು ಸಾಧ್ಯವಿಲ್ಲ.

ಅಡಿಕೆಯ ಊರಿನಲ್ಲಿ ಕುಳಿತಾಗ ಇನ್ನೊಂದು ಘಟನೆಯೂ ನೆನಪಿಗೆ ಬರದಿರದು. ಮದೀನಾದ ತೋಟಗಾರರು ಗಂಡು ಹೂವನ್ನು ಹೆಣ್ಣು ಖರ್ಜೂರದ ಹೊಂಬಾಳೆಗೆ ಸೇರಿಸುವ ಪದ್ಧತಿಯಿತ್ತು. ಅದರಿಂದ ಪ್ರಯೋಜನವಾದೀತೆಂದು ತನಗನಿಸುವುದಿಲ್ಲವೆಂದು ಪ್ರವಾದಿಯವರು(ಸ) ಒಮ್ಮೆ ಹೇಳಿದರು. ಅವರು ಬಿಟ್ಟರು, ಆ ವರ್ಷ ಫಸಲು ಕುಸಿಯಿತು. ವಿಷಯ ತಿಳಿದಾಗ ಪ್ರವಾದಿಯವರು(ಸ), ತಾನು ಹೇಳಿದ್ದು ಒಂದು ಅನಿಸಿಕೆ ಮಾತ್ರ, ನಿಮ್ಮ ಲೌಕಿಕ ವ್ಯವಹಾರವನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದಲ್ಲಿ ತಿಳಿಸಿದರು. ತೋಟಗಾರನ ಅನುಭವಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲ.

ಖೇಣಿಯ ವ್ಯಾಪಾರವೆಂದರೇನು? ಹಿರಿಯರೊಬ್ಬರು ತೋಟದೊಳಗೆ ಒಂದು ಸುತ್ತು ಹಾಕುತ್ತಾರೆ. ತಲೆಯೆತ್ತಿ ಗೊನೆಗಳನ್ನು ನೋಡುತ್ತಾರೆ. ಇಷ್ಟು ಕ್ವಿಂಟಲ್ ಆದೀತು ಎನ್ನುತ್ತಾರೆ. ಆ ಕಣ್ಣಂದಾಜಿನ ಮೇಲೆ ಲಕ್ಷಾಂತರ ರೂಪಾಯಿ ಕೈ ಬದಲಾಗುತ್ತದೆ. ಅಲ್ಲಿಂದ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಅವರ ಹೊಣೆ. ಅಂದಾಜು ತಪ್ಪಿದರೆ ನಷ್ಟವೂ ಅವರದೇ. (ಮರದಲ್ಲಿರುವ ಫಸಲನ್ನು ಬಲಿಯುವ ಮೊದಲೇ ಮಾರುವುದರ ಬಗ್ಗೆ ಫಿಖ್ಹಿನಲ್ಲಿ ಹೇಳಬೇಕಾದದ್ದು ಬಹಳಷ್ಟಿದೆ; ಅದನ್ನು ಇನ್ನೊಮ್ಮೆ ಬರೆಯೋಣ.) ಇಂಥ ಕಣ್ಣುಳ್ಳ ಮನುಷ್ಯನಿಗೆ ತನ್ನ ಶಾಸಕ ಎಂಥವನು, ಸರಕಾರದ ಯೋಜನೆ ಎಂಥದು, ತನ್ನ ಮಗ ನೋಡುವ ಚಿತ್ರ ಎಂಥದು ಎಂದು ಅಂದಾಜು ಮಾಡಲು ಬರುವುದಿಲ್ಲವೇ?

ಆದರೆ ಅವರನ್ನು ಯಾರು ಕೇಳುತ್ತಾರೆ? ಚುನಾವಣೆ ಬಂದಾಗ ಅಭ್ಯರ್ಥಿಗಳು ಮಸೀದಿ ಕಮಿಟಿಯ ಪದಾಧಿಕಾರಿಗಳನ್ನು ಭೇಟಿಯಾಗುತ್ತಾರೆ. ಶಾದಿ ಮಹಲಿನ ಕಾಂಪೌಂಡು, ಖಬರಸ್ತಾನದ ಬೇಲಿ, ಎರಡು ಬೋರ್‌ವೆಲ್ — ಮಾತು ಮುಗಿಯುತ್ತದೆ. "ಸಮುದಾಯ ತೀರ್ಮಾನಿಸಿದೆ" ಎಂದು ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮನ್ನು ಮತಬ್ಯಾಂಕ್ ಎಂದು ಹೀಯಾಳಿಸುವವರ ಮೇಲೆ ನಾವು ಸಿಟ್ಟಾಗುತ್ತೇವೆ, ಆದರೆ ಆ ಬ್ಯಾಂಕಿಗೆ ಮ್ಯಾನೇಜರರನ್ನು ನೇಮಿಸಿಕೊಂಡವರು ಯಾರು? 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಶೇ. 4ರ 2ಬಿ ಮೀಸಲಾತಿಯನ್ನು ತೆಗೆದುಹಾಕುವ ತೀರ್ಮಾನ ಕೈಗೊಂಡಾಗ ಮುಖಂಡರ ಹೇಳಿಕೆಗಳು ಸಾಲುಸಾಲಾಗಿ ಬಂದವು. ಅದೇ ಮೀಸಲಾತಿಯಲ್ಲಿ ಸೀಟು ಪಡೆದು ಓದುತ್ತಿದ್ದ ಒಬ್ಬ ಹುಡುಗಿ ಏನು ಹೇಳುತ್ತಾಳೆಂದು ಕೇಳಿದ ಮುಖಂಡರು ಎಷ್ಟು ಮಂದಿ? ಮೇ ತಿಂಗಳ ಚುನಾವಣೆಯಲ್ಲಿ ರಾಜ್ಯದಲ್ಲಿ ಒಂಬತ್ತು ಮಂದಿ ಮುಸ್ಲಿಮ್ ಶಾಸಕರು ಆಯ್ಕೆಯಾದರು. ಸಂತೋಷವೇ. ಆದರೆ ಪ್ರಾತಿನಿಧ್ಯವೆಂದರೆ ವಿಧಾನಸೌಧದಲ್ಲಿ ಒಂಬತ್ತು ಕುರ್ಚಿಗಳಷ್ಟೇ ಎಂದು ತಿಳಿಯುವ ಸಮುದಾಯ ಚಹಾದಂಗಡಿಯ ಬೆಂಚನ್ನು ಮರೆಯುತ್ತದೆ.

ಚಾಚಾರ ಮನೆಯೊಳಗಿನ ಅಭಿಪ್ರಾಯಗಳಂತೂ ಹೊಸ್ತಿಲನ್ನೇ ದಾಟುವುದಿಲ್ಲ. ಅವರ ಪತ್ನಿ ಪ್ರತಿ ಸಂಜೆ ಕನ್ನಡ ಧಾರಾವಾಹಿ ನೋಡುತ್ತಾರಂತೆ. ಅವರ ಟೀಕೆಯನ್ನು ಚಾಚಾ, ನಾವು ಯಾರೆಂದು ತಿಳಿಯುವ ಮೊದಲೇ, ನಮಗೆ ಹೇಳಿದ್ದರು: "ಆ ಅತ್ತೆ ಮಲಗುವಾಗ ಹಾಕಿಕೊಳ್ಳುವ ಚಿನ್ನ ನಮ್ಮ ಇಡೀ ಗಲ್ಲಿಯ ಮದುವೆಗಳಲ್ಲಿ ಕಾಣುವುದಿಲ್ಲ ಎನ್ನುತ್ತಾಳೆ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಇವರ ಮನೆಯ ಮದುವೆಗೆ ಊಟಕ್ಕಾದರೂ ನಮ್ಮಂಥವರು ಒಬ್ಬರೂ ಬಂದದ್ದಿಲ್ಲ ಎಂದೂ ಹೇಳುತ್ತಾಳೆ." ಮಾಧ್ಯಮಗಳಲ್ಲಿ ಮುಸ್ಲಿಮರ ಚಿತ್ರಣದ ಬಗ್ಗೆ ನಾವು ಎಷ್ಟೋ ವಿಚಾರ ಸಂಕಿರಣಗಳಲ್ಲಿ ಕುಳಿತಿದ್ದೇವೆ. ಅಲ್ಲಿ ನಮ್ಮನ್ನು ಭಯೋತ್ಪಾದಕರನ್ನಾಗಿ ತೋರಿಸುತ್ತಾರೆಂಬ ದೂರು ತಪ್ಪದೆ ಬರುತ್ತದೆ. ನಮ್ಮನ್ನು ನೆರೆಯವರನ್ನಾಗಿ ತೋರಿಸುವುದೇ ಇಲ್ಲ ಎಂಬ ಈ ಸೂಕ್ಷ್ಮ ಅಲ್ಲಿ ಯಾರಿಗೂ ಹೊಳೆದದ್ದಿಲ್ಲ. ಆ ಖಾಲಾ ಅಂಥ ಸಂಕಿರಣದಲ್ಲಿ ಮಾತನಾಡುವುದು ಒತ್ತಟ್ಟಿಗಿರಲಿ, ಬಂದು ಕುಳಿತುಕೊಳ್ಳಲೂ ಜಾಗವಿರುವುದಿಲ್ಲ.

ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಇಂಥದೇ ಒಬ್ಬ ಹೆಂಗಸಿನ ಕಥೆ. ಕರಾವಳಿಯ ಮೀನುಗಾರರ ಊರಿನಲ್ಲಿ ಹೆರಿಗೆ ಮಾಡಿಸುವ ಗುಲಾಬಿಗೆ ಸಿನಿಮಾದ ಹುಚ್ಚು. ಅವಳ ಗುಡಿಸಲಿಗೆ ಟಿ.ವಿ. ಬಂದಾಗ ನೆರೆಯ ಹೆಂಗಸರೆಲ್ಲರೂ ಅಲ್ಲಿ ಸೇರುತ್ತಾರೆ. ಯಾರು ಯಾವ ಧರ್ಮ ಎಂಬುದು ಆ ಪರದೆಯ ಮುಂದೆ ಮುಖ್ಯವಾಗುವುದಿಲ್ಲ. ಊರಿನಲ್ಲಿ ದ್ವೇಷ ಹಬ್ಬಿದಾಗ ಮೊದಲು ಖಾಲಿಯಾಗುವುದೂ ಅದೇ ಗುಡಿಸಲು. ಆ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಚಿತ್ರರಂಗದ ಬಗ್ಗೆ ನಮ್ಮ ದೂರುಗಳೇನೇ ಇರಲಿ, ಆ ಗುಡಿಸಲನ್ನು ಅದು ಕಂಡಿದೆ. ನಮ್ಮಲ್ಲಿ ಎಷ್ಟು ಮಂದಿ ಆ ಚಿತ್ರವನ್ನು ನೋಡಿ ನಮ್ಮದೇ ಆದ ಒಂದು ಮಾತು ಹೇಳಿದ್ದೇವೆ?

ಹೀಗೆ ಹೊರಗೂ ಒಳಗೂ ಬಾಯಿ ಮುಚ್ಚಿದ ಮನುಷ್ಯನ ಕೈಯಲ್ಲಿ ಒಂದು ಮೊಬೈಲಿದೆ ಎಂಬುದನ್ನು ನಾವು ಗಂಭೀರವಾಗಿ ಯೋಚಿಸಬೇಕು. ತನ್ನ ಮಾತನ್ನು ಹೇಳಲು ಜಾಗವಿಲ್ಲದವನು ಇತರರ ಮಾತನ್ನು ಮುಂದಕ್ಕೆ ಕಳುಹಿಸುತ್ತಾನೆ. ಯಾರು ಬರೆದರೋ, ಎಲ್ಲಿಯದೋ, ಎಂದಿನದೋ ತಿಳಿಯದು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳು ಹೊತ್ತಿ ಉರಿದದ್ದು ಒಂದು ಫೇಸ್‌ಬುಕ್ ಬರಹದಿಂದ. ಗೋಲಿಬಾರಿನಲ್ಲಿ ಮೂವರು ಪ್ರಾಣ ಕಳೆದುಕೊಂಡರು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ನಡೆದ ಗಲಭೆಗೆ ಒಂದು ವಾಟ್ಸ್‌ಆ್ಯಪ್ ಸ್ಟೇಟಸ್ ಕಾರಣ. ಎರಡೂ ಕಡೆ ಕೆಣಕಿದವರು ಬೇರೆ, ಜೈಲಿನಲ್ಲಿ ಕೊಳೆತದ್ದು ನಮ್ಮ ಗಲ್ಲಿಯ ಹುಡುಗರು.

ಚನ್ನಗಿರಿಯೂ ಇದರಿಂದ ಹೊರತಾಗಿರಲಿಲ್ಲ. 2024ರ ಮೇ 24ರಂದು, ಮಟ್ಕಾ ಆರೋಪದ ಮೇಲೆ ಪೊಲೀಸರು ಠಾಣೆಗೆ ಕರೆತಂದಿದ್ದ ಸಮುದಾಯದ ಯುವಕನೊಬ್ಬ ಮೃತಪಟ್ಟ. ಆ ರಾತ್ರಿ ಠಾಣೆಯ ಮುಂದೆ ಜನ ಸೇರಿದರು, ಕಲ್ಲುಗಳು ತೂರಿಬಂದವು, ವಾಹನಗಳು ಜಖಂಗೊಂಡವು, ಹಲವು ಪೊಲೀಸರು ಗಾಯಗೊಂಡರು. ಇದು ಲಾಕಪ್ ಸಾವಲ್ಲವೆಂದು ಮುಖ್ಯಮಂತ್ರಿ ಹೇಳಿದರು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತುಗೊಂಡರು, ತನಿಖೆ ಸಿಐಡಿಗೆ ಹೋಯಿತು. ಠಾಣೆಗೆ ಹೋದ ಒಬ್ಬ ಮನುಷ್ಯ ಜೀವಂತವಾಗಿ ಏಕೆ ಹೊರಬರಲಿಲ್ಲ ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು. ಅದನ್ನು ಗಟ್ಟಿಧ್ವನಿಯಲ್ಲಿ ಕೇಳಬೇಕಾಗಿತ್ತು. ಆದರೆ ಕಲ್ಲು ಎಸೆದ ಮರುಕ್ಷಣದಿಂದ ಟಿ.ವಿ.ಗಳಲ್ಲಿ ಆ ಪ್ರಶ್ನೆ ಕಾಣೆಯಾಗಿ ಕಲ್ಲು ಮಾತ್ರ ಉಳಿಯಿತು. ಮರುದಿನದಿಂದ ಬಂಧನಗಳು ಆರಂಭವಾದವು. ನಮ್ಮ ಚಾಚಾ ತಮ್ಮ ಕಿರಿಯ ಮಗನನ್ನು ಒಂದು ತಿಂಗಳು ಬೇರೆ ಊರಿನ ನೆಂಟರ ಮನೆಯಲ್ಲಿಟ್ಟಿದ್ದರಂತೆ. "ಅವನು ಆ ರಾತ್ರಿ ಮನೆಯಲ್ಲೇ ಇದ್ದ ಹಜ್ರತ್, ಆದರೆ ಅದನ್ನು ಯಾರ ಹತ್ತಿರ ಹೇಳುವುದು?" ಎಂದರು. ಅಂದಿನಿಂದ ಚಹಾದಂಗಡಿಯಲ್ಲಿ ಅಪರಿಚಿತರು ಕುಳಿತರೆ ಅವರು ಅಡಿಕೆಯ ಬೆಲೆ ಕೇಳುತ್ತಾರೆ.

ಬಂದ ಸುದ್ದಿಯನ್ನು ಪರಿಶೀಲಿಸಿ ನೋಡಬೇಕು, ಇಲ್ಲವಾದರೆ ಅರಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತ ಎಚ್ಚರಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಆಶಯದ ಪ್ರವಾದಿ(ಸ) ವಚನವೂ ಇದೆ. ಇವನ್ನು ಖುತ್ಬಾಗಳಲ್ಲಿ ನಾವು ಬಾರಿ ಬಾರಿ ಕೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಪರಿಶೀಲನೆ ಎಂಬುದು ಅಭ್ಯಾಸದಿಂದ ಬರುವ ಗುಣ. 'ಓಂ' ಚಿತ್ರ ಒಳ್ಳೆಯದೋ ಕೆಟ್ಟದೋ ಎಂದು ಮನೆಯ ಊಟದ ದಸ್ತರಖಾನಿನ ಸುತ್ತ ಕುಳಿತು ಅಪ್ಪನೊಡನೆ ವಾದಿಸಿ, ಸೋತು, ಗೆದ್ದು, ನಕ್ಕು ಬೆಳೆದ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ ಬಂದ ಒಂದು ವಿಡಿಯೊವನ್ನು ಸಂಶಯಿಸಲು ಬರುತ್ತದೆ. "ಸುಮ್ಮನಿರು" ಎಂಬ ಒಂದೇ ಮಾತನ್ನು ಕೇಳಿ ಬೆಳೆದವನು ಎಲ್ಲಿ ಕಲಿಯಬೇಕು?

ಮಹಿಳೆಯರಿಗೆ ಮೀಸಲಾದ ಎರಡು ಸಾವಿರ ರೂಪಾಯಿಯ ಬಗ್ಗೆ ಚಾಚಾ ಮತ್ತು ಅವರ ಪತ್ನಿಗೆ ಇರುವ ಭಿನ್ನಾಭಿಪ್ರಾಯವನ್ನು ಇಲ್ಲಿ ದಾಖಲಿಸದಿದ್ದರೆ ಅನ್ಯಾಯವಾದೀತು. ಸರಕಾರ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತಿದೆ ಎಂಬುದು ಇವರ ವಾದ. "ಅಡಿಕೆ ಸುಲಿಯಲು ಕುಳಿತರೆ ಬೆರಳು ಕಪ್ಪಾಗುವುದು ನನ್ನದು, ಸೋಮಾರಿ ಯಾರು ಎಂದು ಬೆರಳು ನೋಡಿ ಹೇಳಿ" ಎಂಬುದು ಅವರ ಉತ್ತರವಂತೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಆರಂಭವಾದ ಬಳಿಕ ಅವರು ಶಿವಮೊಗ್ಗದಲ್ಲಿರುವ ಮಗಳ ಮನೆಗೆ ಯಾರ ಅಪ್ಪಣೆಗೂ ಕಾಯದೆ ಹೋಗಿಬರುತ್ತಾರಂತೆ. ಈ ಕೊನೆಯ ವಿಷಯವನ್ನು ಹೇಳುವಾಗ ಚಾಚಾರ ಮುಖದಲ್ಲಿದ್ದದ್ದು ಸಿಟ್ಟೋ ಹೆಮ್ಮೆಯೋ ನಮಗೆ ಗೊತ್ತಾಗಲಿಲ್ಲ.

ಹೆಸರು ಹಾಕುವುದಿಲ್ಲ, ಅಂಗಡಿಯ ಗುರುತೂ ಕೊಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬರೆಯಲು ಒಪ್ಪಿದರು. ಹೊರಡುವಾಗ ನಮ್ಮ ವಾರಪತ್ರಿಕೆಯ ಬಗ್ಗೆ ಏನನಿಸುತ್ತದೆ ಎಂದು ಕೇಳಿದೆವು. ಬಹಳ ಹೊತ್ತು ಹಿಂಜರಿದರು. ಮಸೀದಿಯ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿದರು. ಆಮೇಲೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು: "ಅಕ್ಷರ ಸಣ್ಣದು, ಲೇಖನ ಉದ್ದ. ನಿಮ್ಮ ಖಾಲಾ ಕೊನೆಯ ಪುಟ ಮಾತ್ರ ಓದುತ್ತಾಳೆ."